ಚೆಂಡು ಕೈಯಲ್ಲಿಲ್ಲದ 36 ನಿಮಿಷ

1988ರ ಜುಲೈ ತಿಂಗಳು. ಮಳೆ ಸ್ವಲ್ಪ ಬಿಡುವು ಕೊಟ್ಟಿದ್ದ ಒಂದು ಸಂಜೆ ನಮ್ಮ ಕಾಲೇಜಿನ ಬಾಸ್ಕೆಟ್‌ಬಾಲ್ ಕೋಚ್, ಹೊಸದಾಗಿ ಹೆಸರು ಕೊಟ್ಟ ಹದಿನಾಲ್ಕು ಹುಡುಗಿಯರನ್ನು ಕೋರ್ಟಿನ ಪಕ್ಕದ ಮುರಕಲ್ಲಿನ ಕಟ್ಟೆಯ ಮೇಲೆ ಕೂರಿಸಿದರು. ಚೆಂಡು ಅವರ ಕಾಲಬುಡದಲ್ಲೇ ಇತ್ತು, ಯಾರಿಗೂ ಕೊಡಲಿಲ್ಲ. ಒಂದು ಲೆಕ್ಕ ಕೇಳಿದರು: "ಆಟ 40 ನಿಮಿಷ. ಎರಡೂ ಕಡೆ ಸೇರಿ ಕೋರ್ಟಿನಲ್ಲಿ ಹತ್ತು ಜನ. ಚೆಂಡು ಒಂದೇ. ಸಮಪಾಲು ಮಾಡಿದರೆ ಒಬ್ಬಳಿಗೆ ಎಷ್ಟು ಹೊತ್ತು ಸಿಗುತ್ತದೆ?" ನಾಲ್ಕು ನಿಮಿಷ ಎಂದೆವು. "ಸರಿ. ಆ ನಾಲ್ಕು ನಿಮಿಷದ ಆಟವನ್ನು ನಿಮಗೆ ಯಾರು ಬೇಕಾದರೂ ಕಲಿಸುತ್ತಾರೆ. ಉಳಿದ 36 ನಿಮಿಷದ್ದನ್ನು ನಾನು ಕಲಿಸುತ್ತೇನೆ."

ನಾನು ಮಂಗಳೂರಿನ ಜೆಪ್ಪುವಿನವಳು. ಅಪ್ಪ ಹಂಚಿನ ಕಾರ್ಖಾನೆಯಲ್ಲಿದ್ದರು, ಅಜ್ಜನೂ ಅದೇ ಕೆಲಸದವರು. 1834ರಲ್ಲಿ ಬಾಸೆಲ್ ಮಿಶನ್ ಮಂಗಳೂರಿಗೆ ಬಂದ ಮೇಲೆ ಕ್ರೈಸ್ತರಾದ ಮನೆತನ ನಮ್ಮದು. ಮನೆಯಲ್ಲಿ ತುಳು, ದೇವಾಲಯದಲ್ಲಿ ಕನ್ನಡ. ಊಟಕ್ಕೆ ಮುಂಚೆ ಪ್ರಾರ್ಥನೆ, ಮಲಗುವ ಮುಂಚೆ ಒಂದು ಕೀರ್ತನೆ, ಭಾನುವಾರ ಆರಾಧನೆ, ವರ್ಷಕ್ಕೊಮ್ಮೆ ಸುಗ್ಗಿ ಹಬ್ಬದ ಕಾಣಿಕೆ. ನಂಬಿಕೆ ಎಂದರೆ ಇಷ್ಟು ಎಂದೇ ಬೆಳೆದೆ. ಇವೆಲ್ಲ ಚೆಂಡು ಕೈಯಲ್ಲಿರುವ ಹೊತ್ತು, ಆಟದ ಬಹುಭಾಗ ಇದರ ಹೊರಗಿದೆ ಎಂಬುದು ಆ ಕಟ್ಟೆಯ ಮೇಲೆ ಕುಳಿತಾಗ ಹೊಳೆಯಲಿಲ್ಲ. ಹೊಳೆಯಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು.

ಈಗ ನಮ್ಮ ಸಭೆಯ ಯುವಜನ ಸಂಘದ ಮಕ್ಕಳನ್ನು ಶನಿವಾರ ಸಂಜೆ ಕೋರ್ಟಿಗೆ ಕರೆದುಕೊಂಡು ಹೋಗುತ್ತೇನೆ. ಒಂದು ಗಂಟೆ ಆಟ, ಅರ್ಧ ಗಂಟೆ ಸತ್ಯವೇದ. ಬೇರೆ ಸಭೆಗಳಲ್ಲಿ ಯುವಜನರನ್ನು ನಡೆಸುವವರು ಇದನ್ನು ಹೇಗೆ ಮಾಡುವುದೆಂದು ಕೇಳುತ್ತಿರುತ್ತಾರೆ. ಅವರಿಗಾಗಿಯೂ, ಮನೆಯಲ್ಲಿ ಒಬ್ಬರೇ ಕುಳಿತು ತಮ್ಮ ಪ್ರಾರ್ಥನೆಯ ಜೀವನವನ್ನು ಸರಿಪಡಿಸಿಕೊಳ್ಳಲು ಒದ್ದಾಡುತ್ತಿರುವವರಿಗಾಗಿಯೂ ಬರೆಯುತ್ತಿದ್ದೇನೆ. ಆಟ ಗೊತ್ತಿರಲೇಬೇಕು ಎಂದಿಲ್ಲ.

ಆಟದ ಹುಟ್ಟಿನಿಂದ ಆರಂಭಿಸಿ

ಮೊದಲ ಶನಿವಾರ ಮಕ್ಕಳಿಗೆ ಜೇಮ್ಸ್ ನೈಸ್ಮಿತ್ ಅವರ ಕತೆ ಹೇಳಿ. ಕೆನಡಾದವರು, ಮಾಂಟ್ರಿಯಲ್‌ನಲ್ಲಿ ದೇವಶಾಸ್ತ್ರ ಓದಿದವರು. ಪ್ರಸಂಗಪೀಠಕ್ಕೆ ಹೋಗಬೇಕಾಗಿದ್ದವರು ವ್ಯಾಯಾಮಶಾಲೆಗೆ ಬಂದರು, ಯುವಕರ ನಡತೆಯನ್ನು ಅಲ್ಲಿಯೂ ತಿದ್ದಬಹುದು ಎಂಬ ನಂಬಿಕೆಯಿಂದ. 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈ.ಎಂ.ಸಿ.ಎ. (ಕ್ರೈಸ್ತ ಯುವಕರ ಸಂಘ) ತರಬೇತಿ ಶಾಲೆಯಲ್ಲಿ, ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಬಹುದಾದ ಆಟವೊಂದನ್ನು ಎರಡು ವಾರದೊಳಗೆ ಕಟ್ಟಿಕೊಡಬೇಕೆಂದು ಮೇಲಿನವರು ಹೇಳಿದರು. ಅವರು 13 ನಿಯಮ ಬರೆದು, ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಹತ್ತು ಅಡಿ ಎತ್ತರದಲ್ಲಿ ಮೊಳೆ ಹೊಡೆದು ನಿಲ್ಲಿಸಿದರು. ಮೊದಲ ಆಟದಲ್ಲಿ ಒಂದೊಂದು ಕಡೆ ಒಂಬತ್ತು ಜನ ಇದ್ದರು, ಇಡೀ ಆಟದಲ್ಲಿ ಚೆಂಡು ಬುಟ್ಟಿಗೆ ಬಿದ್ದದ್ದು ಒಂದೇ ಸಲ.

ಈ ಕತೆಯಲ್ಲಿ ಎರಡು ವಿಷಯಗಳನ್ನು ನಾನು ಬಿಡಿಸಿ ಹೇಳುತ್ತೇನೆ. ಬುಟ್ಟಿಯನ್ನು ತಲೆಯ ಮೇಲೆ, ಬಾಯಿ ಆಕಾಶಕ್ಕೆ ಇರುವಂತೆ ಇಟ್ಟದ್ದು ಬೇಕೆಂದೇ. ಗೋಲು ನೆಲದ ಮೇಲೆ ಎದುರಿಗಿದ್ದರೆ ಬಲ ಇದ್ದವನು ಬೀಸಿ ಹೊಡೆಯುತ್ತಾನೆ, ಅಡ್ಡ ಬಂದವನಿಗೆ ಪೆಟ್ಟಾಗುತ್ತದೆ. ಮೇಲಿದ್ದರೆ ಚೆಂಡನ್ನು ಮೆತ್ತಗೆ, ಕಮಾನಿನಂತೆ ಎತ್ತಿ ಬಿಡಬೇಕು. ಬಲದಿಂದಲ್ಲ, ನನ್ನ ಆತ್ಮದಿಂದಲೇ ಎಂದು ಜೆಕರ್ಯನ ಮೂಲಕ ಕರ್ತನು ಹೇಳಿದ ಮಾತನ್ನು ನಾನು ಅಲ್ಲೇ, ರಿಂಗಿನ ಕೆಳಗೆ ನಿಂತು ಓದಿಸುತ್ತೇನೆ. ಇನ್ನೊಂದು: ಆ ಮೊದಲ ನಿಯಮಗಳ ಪ್ರಕಾರ ಚೆಂಡು ಹಿಡಿದವನು ಓಡುವಂತಿರಲಿಲ್ಲ. ಹಿಡಿದ ಜಾಗದಿಂದಲೇ ಇನ್ನೊಬ್ಬನಿಗೆ ಕೊಡಬೇಕಿತ್ತು. ಆಟ ನಡೆಯುತ್ತಿದ್ದುದು ಚೆಂಡು ಇಲ್ಲದವರ ಕಾಲಿನಿಂದ.

ನಿಮ್ಮ 36 ನಿಮಿಷವನ್ನು ಬರೆದುಕೊಳ್ಳಿ

ಒಂದು ನೋಟ್‌ಪುಸ್ತಕ ತೆಗೆದುಕೊಳ್ಳಿ. ವಾರಕ್ಕೆ 168 ಗಂಟೆ. ಆರಾಧನೆ, ಪ್ರಾರ್ಥನಾ ಕೂಟ, ಗಾಯನದ ಅಭ್ಯಾಸ, ಮನೆಯ ಪ್ರಾರ್ಥನೆ ಇವುಗಳನ್ನೆಲ್ಲ ಕೂಡಿಸಿ. ನನ್ನ ಲೆಕ್ಕ ಎಂಟು ಗಂಟೆಗೆ ನಿಂತಿತು. ನಿದ್ದೆಯನ್ನು ಬಿಟ್ಟು, ಉಳಿದ ಹೊತ್ತು ನೀವು ಎಲ್ಲೆಲ್ಲಿ, ಯಾರ ಯಾರ ಎದುರಿಗೆ ಇರುತ್ತೀರಿ ಎಂಬುದನ್ನು ಜಾಗದ ಹೆಸರಿನೊಂದಿಗೆ ಬರೆಯಿರಿ. "ಕಚೇರಿ" ಎಂದು ಬರೆದರೆ ಸಾಲದು. ಕಚೇರಿಯ ಯಾವ ಮೇಜು, ಯಾವ ಹೊತ್ತು ಎಂದು ಬರೆಯಿರಿ. ಬಸ್ಸಿನ ಯಾವ ಸೀಟು. ಅಡುಗೆಮನೆಯಲ್ಲಿ ಯಾರ ಜೊತೆ. ಅದರಿಂದ ಮೂರೇ ಮೂರು ಜಾಗಗಳನ್ನು ಆರಿಸಿ, ಒಂದೊಂದಕ್ಕೆ ಒಂದು ಸಣ್ಣ ಕೆಲಸವನ್ನು ಗೊತ್ತು ಮಾಡಿಕೊಳ್ಳಿ. ಮೂರಕ್ಕಿಂತ ಹೆಚ್ಚು ಬೇಡ. ಹತ್ತು ಬರೆದವರು ಎರಡನೆಯ ವಾರಕ್ಕೆ ಪುಸ್ತಕವನ್ನೇ ಮುಚ್ಚಿದ್ದನ್ನು ನೋಡಿದ್ದೇನೆ.

ನನ್ನದನ್ನು ಹೇಳುತ್ತೇನೆ. ನಾನು ಗೇರುಬೀಜದ ಕಾರ್ಖಾನೆಯೊಂದರ ಕಚೇರಿಯಲ್ಲಿ ಲೆಕ್ಕ ಬರೆಯುತ್ತಿದ್ದವಳು. ಶನಿವಾರ ಸಂಬಳದ ದಿನ. ಬೀಜ ಒಡೆಯುವ ಹೆಂಗಸರು ಕಿಟಕಿಯ ಮುಂದೆ ಸಾಲಾಗಿ ಬರುತ್ತಿದ್ದರು. ಹದಿನೈದು ವರ್ಷ ನಾನು ನೋಡಿದ್ದು ಅವರ ಕೈಗಳನ್ನು ಮಾತ್ರ: ಸಿಪ್ಪೆಯ ಎಣ್ಣೆಗೆ ಕಪ್ಪಾದ ಬೆರಳುಗಳು, ಉಗುರಿನ ಬುಡದಲ್ಲಿ ಎದ್ದ ಚರ್ಮ. ಹಣ ಎಣಿಸಿ, ಸಹಿ ಹಾಕಿಸಿ, "ಮುಂದಿನವರು" ಎನ್ನುತ್ತಿದ್ದೆ. ನೋಟ್‌ಪುಸ್ತಕ ಬರೆದ ವಾರ ಈ ಕಿಟಕಿ ನನ್ನ ಮೂರು ಜಾಗಗಳಲ್ಲಿ ಮೊದಲನೆಯದಾಯಿತು. ಗೊತ್ತು ಮಾಡಿಕೊಂಡ ಕೆಲಸ ಇಷ್ಟೇ: ಹಣ ಕೊಡುವ ಮೊದಲು ಮುಖ ನೋಡುವುದು, ಹೆಸರು ಹಿಡಿದು ಕರೆಯುವುದು. ಮೊದಲ ಶನಿವಾರ ಒಬ್ಬ ಹೆಂಗಸು ತನ್ನ ಹೆಸರು ಕೇಳಿ ಬೆಚ್ಚಿ, ಲೆಕ್ಕದಲ್ಲಿ ಏನೋ ತಪ್ಪಾಗಿದೆ ಎಂದು ಹೆದರಿದಳು. ಅವಳ ಆ ಹೆದರಿಕೆಯನ್ನು ಕಂಡ ಮೇಲೆ, ಅಷ್ಟು ವರ್ಷ ಆರಾಧನೆಯಲ್ಲಿ ನಾನು ಹಾಡಿದ ಹಾಡುಗಳೆಲ್ಲ ಯಾವ ಕಿಟಕಿಯ ಒಳಗೆ ಉಳಿದಿದ್ದವು ಎಂಬುದು ತಿಳಿಯಿತು.

ಬಾಯಿ ಬಿಟ್ಟು ಹೇಳಿ

ನಮ್ಮ ಕೋಚ್ ಬಂಟ್ವಾಳದ ಕಡೆಯವರು, ಹಿಂದೂಗಳು. ಕೋರ್ಟಿಗೆ ಕಾಲಿಡುವ ಮೊದಲು ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಆಟದ ಮಧ್ಯೆ ಅವರು ಅತಿ ಹೆಚ್ಚು ಸಲ ಕೂಗುತ್ತಿದ್ದ ಮಾತು ತುಳುವಿನ "ಪಾತೆರ್ಲೆ!" ಮಾತಾಡಿ ಎಂದು ಅದರ ಅರ್ಥ. ಡಿಫೆನ್ಸ್ ಮಾಡುವಾಗ ನಿಮ್ಮ ಕಣ್ಣು ನೀವು ತಡೆಯಬೇಕಾದವಳ ಮೇಲೆಯೇ ಇರುತ್ತದೆ. ಬೆನ್ನ ಹಿಂದೆ ಎದುರಾಳಿ ಬಂದು ಗೋಡೆಯಂತೆ ನಿಂತದ್ದು ನಿಮಗೆ ಕಾಣುವುದಿಲ್ಲ. ಅದು ಕಾಣುವುದು ಹಿಂದೆ ಇರುವ ಗೆಳತಿಗೆ. ಅವಳು "ಎಡಕ್ಕೆ ಸ್ಕ್ರೀನ್" ಎಂದು ಕೂಗದಿದ್ದರೆ ನೀವು ಹೋಗಿ ಡಿಕ್ಕಿ ಹೊಡೆಯುತ್ತೀರಿ. ಪೆಟ್ಟು ನಿಮಗೆ, ತಪ್ಪು ಅವಳದು.

ಸಭೆಗಳಲ್ಲಿ ಬೆನ್ನ ಹಿಂದೆ ಮಾತಾಡುವುದು ಬೇಕಾದಷ್ಟು ನಡೆಯುತ್ತದೆ. ಬೆನ್ನ ಹಿಂದೆ ಏನಿದೆ ಎಂದು ಆ ಮನುಷ್ಯನಿಗೇ ಹೇಳುವವರು ಕಡಿಮೆ. ಯೆಹೆಜ್ಕೇಲನ ಕಾವಲುಗಾರನಿಗೆ ಇದ್ದದ್ದು ಇದೇ ಕೆಲಸ: ಕತ್ತಿ ಬರುವುದನ್ನು ಕಂಡರೆ ಕೊಂಬು ಊದಬೇಕು. ನಿಮ್ಮ ಗುಂಪಿನಲ್ಲಿ ಇಬ್ಬಿಬ್ಬರನ್ನು ಜೋಡಿ ಮಾಡಿ. ವಾರದಲ್ಲಿ ಒಂದು ದಿನ, ನಮ್ಮಲ್ಲಿ ಬುಧವಾರ ರಾತ್ರಿ, ಹತ್ತು ನಿಮಿಷ ಫೋನಿನಲ್ಲಿ ಮಾತಾಡಲಿ. ಕೇಳಬೇಕಾದ ಪ್ರಶ್ನೆ ಒಂದೇ: "ನನಗೆ ಕಾಣದೆ ನಿನಗೆ ಕಾಣುತ್ತಿರುವುದು ಏನಾದರೂ ಇದೆಯೇ?" ಸಂದೇಶ ಕಳುಹಿಸುವುದು ಬೇಡ, ಧ್ವನಿಯೇ ಬೇಕು. ಮೊದಲ ತಿಂಗಳು ಯಾರೂ ಏನೂ ಹೇಳುವುದಿಲ್ಲ. ಬಿಡಬೇಡಿ.

ಪಾಸ್ ಕೊಟ್ಟವರ ಕಡೆ ಬೆರಳು ತೋರಿಸಿ

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ಬಗ್ಗೆ ಎಲ್ಲಿ ಏನು ಸಿಕ್ಕಿದರೂ ನಮ್ಮ ಕೋಚ್ ಓದುತ್ತಿದ್ದರು. ಅವರ ಮಾತಿನಲ್ಲಿ ಪದೇ ಪದೇ ಬರುತ್ತಿದ್ದ ಹೆಸರು ಡೀನ್ ಸ್ಮಿತ್. ಉತ್ತರ ಕೆರೊಲಿನಾ ವಿಶ್ವವಿದ್ಯಾನಿಲಯದ ತಂಡಕ್ಕೆ 1961ರಿಂದ 1997ರವರೆಗೆ ಕೋಚ್ ಆಗಿದ್ದವರು. 879 ಪಂದ್ಯ ಗೆದ್ದವರು. ಮೈಕೆಲ್ ಜೋರ್ಡನ್ ಕಾಲೇಜಿನಲ್ಲಿ ಆಡಿದ್ದು ಇವರ ಕೈಕೆಳಗೆ. ಇವರ ತಂಡದಲ್ಲಿ ಒಂದು ಕಟ್ಟುನಿಟ್ಟು ಇತ್ತು: ಬುಟ್ಟಿಗೆ ಹಾಕಿದವನು ತನಗೆ ಪಾಸ್ ಕೊಟ್ಟವನ ಕಡೆ ಬೆರಳು ತೋರಿಸಬೇಕು. ಚಪ್ಪಾಳೆ ಬರುವುದು ಬುಟ್ಟಿಗೆ ಹಾಕಿದವನಿಗೆ, ಅವನು ಅದನ್ನು ಪಾಸ್ ಕೊಟ್ಟವನಿಗೆ ದಾಟಿಸಬೇಕು.

ನಮ್ಮ ಕೋರ್ಟಿನಲ್ಲಿ ಇದನ್ನು ತಪ್ಪಿಸಿದವರ ಅಂಕವನ್ನು ಎಣಿಸುವುದಿಲ್ಲ. ಸಣ್ಣ ಮಕ್ಕಳಿಗೆ ಮೊದಮೊದಲು ನಾಚಿಕೆ. ಎರಡು ವಾರದಲ್ಲಿ ಕೈ ತಾನಾಗಿ ಹೋಗುತ್ತದೆ. ಆಮೇಲೆ ಸತ್ಯವೇದದ ಹೊತ್ತಿನಲ್ಲಿ ಒಬ್ಬೊಬ್ಬರಿಗೂ ಒಂದು ಕಾಗದ ಕೊಡಿ. ಯೇಸು ಸ್ವಾಮಿಯ ಹೆಸರು ನಿಮಗೆ ಯಾರ ಬಾಯಿಂದ ಬಂತು? ಅವರಿಗೆ ಯಾರಿಂದ? ಹಿಂದಕ್ಕೆ ಹಿಂದಕ್ಕೆ ಹೋಗಿ, ತಿಳಿದಷ್ಟು ಬರೆಯಲು ಹೇಳಿ. ನನ್ನ ಕಾಗದದಲ್ಲಿ ಅಜ್ಜಿ ಇದ್ದಾಳೆ. ಚಿಮಣಿ ದೀಪದ ಬೆಳಕಿನಲ್ಲಿ ಬೆರಳಿಟ್ಟು ಒಂದೊಂದೇ ಅಕ್ಷರವನ್ನು ಕೂಡಿಸಿ 121ನೆಯ ಕೀರ್ತನೆಯನ್ನು ಓದುತ್ತಿದ್ದವಳು. ಭಾನುವಾರ ಶಾಲೆಯಲ್ಲಿ ಬಣ್ಣದ ಬಟ್ಟೆ ಕತ್ತರಿಸಿ ಮೋಶೆಯನ್ನೂ ಹೊಳೆಯನ್ನೂ ಹಲಗೆಯ ಮೇಲೆ ಅಂಟಿಸುತ್ತಿದ್ದ ಅಕ್ಕ ಇದ್ದಾಳೆ. ನಮ್ಮ ಕೋಚ್ ಕೂಡ ಇದ್ದಾರೆ. ಅವರು ಯೇಸುವಿನ ಹೆಸರು ಹೇಳಿದವರಲ್ಲ. ಆದರೆ ನನ್ನ ನಂಬಿಕೆ ಯಾವ ಹೊತ್ತಿನಲ್ಲಿ ಕೆಲಸ ಮಾಡಬೇಕೆಂದು ತೋರಿಸಿಕೊಟ್ಟವರು ಅವರು, ಆದ್ದರಿಂದ ಅವರನ್ನು ಬಿಟ್ಟು ಆ ಕಾಗದವನ್ನು ಬರೆಯಲಾರೆ. ಪಟ್ಟಿಯಲ್ಲಿ ಬದುಕಿರುವವರು ಇದ್ದರೆ ಆ ತಿಂಗಳೊಳಗೆ ಅವರ ಮನೆಗೆ ಹೋಗಿ ಹೇಳಿಬರಬೇಕು. ಇದು ನಮ್ಮ ಸಂಘದ ನಿಯಮ. ಕಂಕನಾಡಿಯ ಒಂದು ಮನೆಗೆ ನಾಲ್ಕು ಹುಡುಗರು ಹೀಗೆ ಹೋದಾಗ, ಎಂಬತ್ತು ದಾಟಿದ ಆ ನಿವೃತ್ತ ಶಿಕ್ಷಕಿ ಬಾಗಿಲಲ್ಲೇ ನಿಂತು, ಯಾವ ದೇಣಿಗೆಗೆ ಬಂದಿರಿ ಎಂದು ಕೇಳಿದರಂತೆ. ಕೃತಜ್ಞತೆ ಹೇಳಲು ಮಾತ್ರ ಯಾರಾದರೂ ಬರಬಹುದೆಂದು ಅವರಿಗೆ ತೋಚಿರಲಿಲ್ಲ.

ಡೀನ್ ಸ್ಮಿತ್ ಅವರ ಇನ್ನೊಂದು ಸಂಗತಿಯನ್ನು ನಾನು ದೊಡ್ಡ ಮಕ್ಕಳಿಗೆ ಹೇಳುತ್ತೇನೆ. 1950ರ ದಶಕದ ಕೊನೆಯಲ್ಲಿ, ಅವರಿನ್ನೂ ಸಹಾಯಕ ಕೋಚ್ ಆಗಿದ್ದಾಗ, ಚಾಪೆಲ್ ಹಿಲ್ ಊರಿನ ಹೋಟೆಲುಗಳಲ್ಲಿ ಕಪ್ಪು ಜನರನ್ನು ಕೂರಿಸಿ ಊಟ ಹಾಕುತ್ತಿರಲಿಲ್ಲ. ಸ್ಮಿತ್ ತಮ್ಮ ಬ್ಯಾಪ್ಟಿಸ್ಟ್ ಸಭೆಯ ಪಾಲಕರನ್ನೂ, ದೇವಶಾಸ್ತ್ರ ಓದುತ್ತಿದ್ದ ಒಬ್ಬ ಕಪ್ಪು ವಿದ್ಯಾರ್ಥಿಯನ್ನೂ ಕರೆದುಕೊಂಡು, ತಮ್ಮ ತಂಡ ಊಟ ಮಾಡುತ್ತಿದ್ದ ಹೋಟೆಲಿಗೆ ಹೋಗಿ ಮೇಜಿನ ಮುಂದೆ ಕುಳಿತರು. ಊಟ ಬಂತು. ಬಹಳ ವರ್ಷಗಳ ಮೇಲೆ ಪತ್ರಕರ್ತರೊಬ್ಬರು ಈ ವಿಷಯವನ್ನು ಆ ಪಾಲಕರಿಂದ ಕೇಳಿ ತಿಳಿದು ಸ್ಮಿತ್ ಅವರನ್ನು ಕೇಳಿದಾಗ, ಪಾಲಕರು ಅದನ್ನು ಹೇಳಬಾರದಿತ್ತು ಎಂದರು. ಸರಿಯಾದದ್ದನ್ನು ಮಾಡಿದ್ದಕ್ಕೆ ಹೆಮ್ಮೆ ಪಡುವುದು ಏನಿದೆ, ಮಾಡಬೇಕು ಅಷ್ಟೇ ಎಂಬುದು ಅವರ ಉತ್ತರದ ಸಾರ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಎಂಬ ಕರ್ತನ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಯಾರನ್ನು ಯಾವ ಪಂಕ್ತಿಯಲ್ಲಿ ಕೂರಿಸಬೇಕು ಎಂಬ ಪ್ರಶ್ನೆ ನಮ್ಮ ಜಿಲ್ಲೆಗೆ ಹೊಸತೇನೂ ಅಲ್ಲ. ಅದಕ್ಕೇ ಈ ಕತೆ ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರುತ್ತೇನೆ. ಮಕ್ಕಳು ತಾವಾಗಿಯೇ ತಮ್ಮ ತಮ್ಮ ಕಾಲೇಜಿನ ಕ್ಯಾಂಟೀನಿನ ಮಾತು ತೆಗೆಯುತ್ತಾರೆ.

ಮುಷ್ಟಿ ಎತ್ತಲು ಕಲಿಸಿ

ಇಡೀ ಬರಹದಲ್ಲಿ ಒಂದನ್ನು ಮಾತ್ರ ನೀವು ಇಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಸ್ಮಿತ್ ಅವರ ತಂಡದಲ್ಲಿ ಆಟಗಾರ ದಣಿದರೆ ಮುಷ್ಟಿಯನ್ನು ಮೇಲೆತ್ತುತ್ತಿದ್ದ. ಕೂಡಲೇ ಅವನನ್ನು ಹೊರಗೆ ಕರೆದು ಬೇರೊಬ್ಬನನ್ನು ಕಳುಹಿಸುತ್ತಿದ್ದರು. ಹಾಗೆ ತಾನಾಗಿ ಕೇಳಿ ಹೊರಬಂದವನಿಗೆ ಒಂದು ಹಕ್ಕು ಇತ್ತು: ದಣಿವು ಆರಿದ ಮೇಲೆ ತಾನೇ ಹೇಳಿ ಮತ್ತೆ ಒಳಗೆ ಹೋಗಬಹುದು. ದಣಿದದ್ದನ್ನು ಮುಚ್ಚಿಟ್ಟು ಆಡಿದವನು ಕೋಚ್ ಕಣ್ಣಿಗೆ ಬಿದ್ದು ಹೊರಬಂದರೆ, ಒಳಗೆ ಹೋಗುವುದು ಯಾವಾಗ ಎಂಬುದು ಕೋಚ್ ಇಷ್ಟ. ನಮ್ಮ ಕೋಚ್ ಇದನ್ನು ಹಾಗೆಯೇ ನಮ್ಮ ಕೋರ್ಟಿಗೆ ತಂದಿದ್ದರು. ನಾನು ಮೂರು ವರ್ಷ ಆಡಿದೆ, ಒಮ್ಮೆಯೂ ಮುಷ್ಟಿ ಎತ್ತಲಿಲ್ಲ. ಅದನ್ನು ಗಟ್ಟಿತನ ಎಂದುಕೊಂಡಿದ್ದೆ.

2009ರಲ್ಲಿ ಅಮ್ಮನಿಗೆ ಪಾರ್ಶ್ವವಾಯು ಹೊಡೆಯಿತು. ಬಲಭಾಗ ಬಿದ್ದುಹೋಯಿತು, ಮಾತು ನಿಂತಿತು. ಆಗ ನಾನಿದ್ದ ಸಭೆಯಲ್ಲಿ ಭಾನುವಾರ ಶಾಲೆ ನನ್ನದು, ಗಾಯನ ತಂಡ ನನ್ನದು, ಮಹಿಳಾ ಸಂಘದ ಲೆಕ್ಕವೂ ನನ್ನದು. ಬೆಳಿಗ್ಗೆ ಐದಕ್ಕೆ ಎದ್ದು ಅಮ್ಮನ ಹಾಸಿಗೆ ಬದಲಿಸಿ, ಮೈ ಒರೆಸಿ, ಗಂಜಿ ಕುಡಿಸಿ ಕಾರ್ಖಾನೆಗೆ ಹೋಗುವುದು, ಸಂಜೆ ಬಂದು ಮತ್ತೆ ಅದೇ. ಒಂದೂ ಕೆಲಸವನ್ನು ಬಿಡಲಿಲ್ಲ. ಎರಡು ವರ್ಷ ಕಳೆದ ಮೇಲೆ ಒಂದು ಭಾನುವಾರ ಎರಡನೆಯ ಹಾಡಿಗೆ ಎದ್ದು ನಿಂತಾಗ ಗಂಟಲಿಂದ ಸ್ವರ ಹೊರಡಲಿಲ್ಲ. ತುಟಿ ಅಲ್ಲಾಡಿಸುತ್ತಾ ನಿಂತೆ. ಆ ದಿನದಿಂದ ಏಳು ತಿಂಗಳು ನಾನು ಪ್ರಾರ್ಥನೆ ಮಾಡಲಿಲ್ಲ. ಭಾನುವಾರ ಶಾಲೆಯಲ್ಲಿ ಪಾಠ ಹೇಳಿದೆ, ಲೆಕ್ಕ ಒಪ್ಪಿಸಿದೆ, ಪ್ರಾರ್ಥನೆ ಮಾತ್ರ ಇಲ್ಲ. ಯಾರಿಗೂ ತಿಳಿಯಲಿಲ್ಲ. ಬಹಳ ದಿನ ಸಭೆಯವರ ಮೇಲೆ ನನಗೆ ಸಿಟ್ಟಿತ್ತು, ಈಗಲೂ ಸ್ವಲ್ಪ ಇದೆ. ವೇದಿಕೆಯ ಮೇಲೆ ನಿಂತು ಕೆಲಸ ಮಾಡುವವರನ್ನು ಯಾರೂ ಹೇಗಿದ್ದೀರಿ ಎಂದು ಕೇಳುವುದಿಲ್ಲ.

ತಿಳಿದದ್ದು ನಮ್ಮ ಕಾಲೇಜು ತಂಡದ ನಾಯಕಿಗೆ. ಅವಳು ಕೊಂಕಣಿ ಮಾತಾಡುವ ಕ್ಯಾಥೊಲಿಕ್, ಮದುವೆಯಾಗಿ ಉಡುಪಿಯ ಹತ್ತಿರ ಕಲ್ಯಾಣಪುರದಲ್ಲಿ ಇದ್ದಳು. ಫೋನಿನಲ್ಲಿ ನನ್ನ ಧ್ವನಿ ಕೇಳಿ, ಮಾರನೆಯ ದಿನವೇ ಬಸ್ ಹತ್ತಿ ಬಂದಳು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ಹೇಳಿದ ಮೊದಲ ಮಾತು: "ಆಗಲೂ ನೀನು ಮುಷ್ಟಿ ಎತ್ತಲಿಲ್ಲ." ಮೂರು ರಾತ್ರಿ ಅಮ್ಮನ ಪಕ್ಕದಲ್ಲಿ ಚಾಪೆ ಹಾಸಿ ಅವಳು ಮಲಗಿದಳು. ನನ್ನನ್ನು ಒಳಕೋಣೆಗೆ ಕಳುಹಿಸಿ ಬಾಗಿಲು ಎಳೆದಳು. ಪ್ರಾರ್ಥನೆ ಮಾಡು ಎಂದು ಹೇಳಲಿಲ್ಲ, ಬುದ್ಧಿ ಹೇಳಲಿಲ್ಲ. ನಾಲ್ಕನೆಯ ಬೆಳಿಗ್ಗೆ ಅವಳು ಹಿತ್ತಿಲಲ್ಲಿ ಅಮ್ಮನ ಬಟ್ಟೆ ಒಗೆದು ಹರವುತ್ತಾ ತನ್ನ ಪಾಡಿಗೆ ಜಪಸರ ಹೇಳಿಕೊಳ್ಳುವುದು ಕಿಟಕಿಯಿಂದ ಕೇಳಿಸಿತು. ನಾನು ಹಾಸಿಗೆಯಲ್ಲಿಯೇ "ತಂದೆಯೇ" ಎಂದೆ. ಅದಕ್ಕಿಂತ ಮುಂದಿನ ಮಾತು ಅವತ್ತು ಬರಲಿಲ್ಲ.

ವಿಮೋಚನಕಾಂಡದ 17ನೆಯ ಅಧ್ಯಾಯವನ್ನು ನಾನು ಅಷ್ಟು ಸಲ ಮಕ್ಕಳಿಗೆ ಪಾಠ ಮಾಡಿದ್ದೆ. ಮೋಶೆಯ ಕೈ ಸೋತಾಗ ಆರೋನನೂ ಹೂರನೂ ಎರಡು ಕಡೆ ನಿಂತು ಕೈಗಳನ್ನು ಎತ್ತಿ ಹಿಡಿದದ್ದು ಎಲ್ಲರಿಗೂ ನೆನಪಿದೆ. ಅದಕ್ಕೂ ಮೊದಲು ಅವರು ಮಾಡಿದ ಕೆಲಸ ನನಗೆ ಕಾಣಿಸಿದ್ದು ಆ ವಾರ: ಕೂತುಕೊಳ್ಳಲು ಒಂದು ಕಲ್ಲು ತಂದು ಇಟ್ಟರು.

ನಿಮ್ಮ ಗುಂಪಿನಲ್ಲಿ ಇದನ್ನು ಹೀಗೆ ಜಾರಿಗೆ ತನ್ನಿ. ಯಾವ ಜವಾಬ್ದಾರಿಗೂ ಒಬ್ಬರೇ ಇರಬಾರದು. ಪಾಠ, ಹಾಡು, ಲೆಕ್ಕ, ಕಸ ಗುಡಿಸುವುದು, ಎಲ್ಲಕ್ಕೂ ಇಬ್ಬರ ಹೆಸರು. ಯಾರಾದರೂ ಮುಷ್ಟಿ ಎತ್ತಿದರೆ (ನಮ್ಮಲ್ಲಿ ನಿಜವಾಗಿಯೂ ಎತ್ತುತ್ತಾರೆ, ದೂರವಿದ್ದರೆ ಮೊಬೈಲಿನಲ್ಲಿ ಮುಷ್ಟಿಯ ಚಿತ್ರ ಕಳುಹಿಸುತ್ತಾರೆ) ಆ ವಾರವೇ ಎರಡನೆಯವರು ಕೆಲಸ ವಹಿಸಿಕೊಳ್ಳಬೇಕು. ಕಾರಣ ಕೇಳಬಾರದು. ಮುಷ್ಟಿ ಎತ್ತಿದ ವಿಷಯವನ್ನು ಪ್ರಾರ್ಥನೆಯ ವಿನಂತಿ ಎಂಬ ಹೆಸರಿನಲ್ಲಿ ಮನೆಮನೆಗೆ ದಾಟಿಸಬಾರದು. ಮೂರು ದಿನದೊಳಗೆ ಯಾರಾದರೂ ಒಬ್ಬರು ಅವರ ಮನೆಗೆ ಹೋಗಬೇಕು, ಕೈಯಲ್ಲಿ ಊಟ ಹಿಡಿದುಕೊಂಡು, ಉಪದೇಶ ಬಿಟ್ಟು. ಹಿಂತಿರುಗುವ ದಿನವನ್ನು ದಣಿದವರೇ ಹೇಳಬೇಕು. ಈ ಕೊನೆಯ ನಿಯಮವನ್ನು ಹಿರಿಯರು ಒಪ್ಪುವುದಿಲ್ಲ, ಮಕ್ಕಳು ಸೋಮಾರಿಗಳಾಗುತ್ತಾರೆ ಎನ್ನುತ್ತಾರೆ. ನನ್ನ ಅನುಭವ ಬೇರೆ. ತಿರುಗಿ ಬರುವ ದಾರಿ ತಮ್ಮ ಕೈಯಲ್ಲಿದೆ ಎಂದು ತಿಳಿದವರು ಬೇಗ ಬರುತ್ತಾರೆ.

ಫೌಲ್ ಆದರೆ ಕೈ ಎತ್ತಿ

ಇದು ಸಣ್ಣದು. ಶಿಳ್ಳೆ ಬಿದ್ದಾಗ ತಪ್ಪು ನಿಮ್ಮದಾದರೆ ಕೈ ಎತ್ತಿ, ಮುಂದಿನ ಜಾಗಕ್ಕೆ ಓಡಿ. ರೆಫರಿಯ ಜೊತೆ ವಾದ ಬೇಡ, ನೆಲಕ್ಕೆ ಕಾಲು ಅಪ್ಪಳಿಸುವುದೂ ಬೇಡ. ಯೋಹಾನನ ಮೊದಲನೆಯ ಪತ್ರದಲ್ಲಿ ಪಾಪವನ್ನು ಒಪ್ಪಿಕೊಂಡರೆ ಆತನು ಕ್ಷಮಿಸುತ್ತಾನೆ ಎಂದಿದೆಯಲ್ಲ, ಅದರಲ್ಲಿ ಒಪ್ಪಿಕೊಳ್ಳುವ ಕೆಲಸ ಎಷ್ಟು ಚಿಕ್ಕದೆಂದು ಕೈ ಎತ್ತಿದಾಗ ಗೊತ್ತಾಗುತ್ತದೆ. ರಾತ್ರಿ ಮಲಗುವ ಮುಂಚೆ ಆ ದಿನದ ಒಂದು ಫೌಲನ್ನು ಹೆಸರು ಹಿಡಿದು ಹೇಳಿ. "ನನ್ನ ಎಲ್ಲಾ ಪಾಪಗಳನ್ನು" ಎಂದು ಹೇಳಿದರೆ ಕೈ ಎತ್ತಿದಂತೆ ಆಗುವುದಿಲ್ಲ.

ಫ್ರೀ ಥ್ರೋ, ಮತ್ತು ಗೆಲುವಿನ ಪ್ರಾರ್ಥನೆ

ಫ್ರೀ ಥ್ರೋ ಎಂದರೆ ಎದುರಾಳಿಯ ಫೌಲಿಗೆ ಬದಲಾಗಿ ಸಿಗುವ ಎಸೆತ. ಅದನ್ನು ಹಾಕುವಾಗ ಗಡಿಯಾರ ನಿಂತಿರುತ್ತದೆ, ಯಾರೂ ಅಡ್ಡ ಬರುವಂತಿಲ್ಲ. ರಿಂಗಿನ ಹಿಂದಿನ ಹಲಗೆಯಿಂದ 4.6 ಮೀಟರ್ ದೂರದ ಗೆರೆ, 3.05 ಮೀಟರ್ ಎತ್ತರದ ರಿಂಗ್, ನಮ್ಮ ನಿಯಮದಲ್ಲಿ ಐದು ಸೆಕೆಂಡ್. ಒಳ್ಳೆಯ ಆಟಗಾರರು ಪ್ರತಿ ಸಲವೂ ಒಂದೇ ಕ್ರಮ ಪಾಲಿಸುತ್ತಾರೆ. ನನ್ನದು: ಎಡಪಾದದ ಹೆಬ್ಬೆರಳು ಗೆರೆಗೆ, ಮೂರು ಸಲ ಚೆಂಡು ನೆಲಕ್ಕೆ, ಒಂದು ಉಸಿರು ಹೊರಗೆ, ಮೊಣಕಾಲು ಬಾಗಿಸಿ ಬಿಡುವುದು. ಸಾವಿರ ಸಲ ಮಾಡಿದ ಮೇಲೆ, ಕಾಲು ನಡುಗುವಾಗಲೂ ಕೈ ಆ ಕ್ರಮವನ್ನು ಮರೆಯುವುದಿಲ್ಲ. ಪ್ರಾರ್ಥನೆಗೂ ಇಂಥದ್ದೊಂದು ಕ್ರಮ ಕಟ್ಟಿಕೊಳ್ಳಿ. ಒಂದೇ ಕುರ್ಚಿ, ಒಂದೇ ಹೊತ್ತು, ಒಂದೇ ಆರಂಭದ ವಾಕ್ಯ. ಭಾವನೆ ಬರಲಿ ಎಂದು ಕಾಯಬೇಡಿ. ಮನಸ್ಸು ಒಣಗಿದ ದಿನಕ್ಕೇ ಈ ಕ್ರಮ ಬೇಕಾಗಿರುವುದು. ಏಳು ತಿಂಗಳ ನಂತರ ನಾನು ಮತ್ತೆ ಮಾತು ಕಲಿತದ್ದು ಹೀಗೆಯೇ, ಅಜ್ಜಿಯ ಕೀರ್ತನೆಯ ಮೊದಲ ಸಾಲಿನಿಂದ, ದಿನವೂ ಅದೇ ಸಾಲು.

ಇಲ್ಲಿ ವರ್ಜೀನಿಯ ವಿಶ್ವವಿದ್ಯಾನಿಲಯದ ತಂಡದ ಕತೆ ಚೆನ್ನಾಗಿ ಕೂರುತ್ತದೆ. ಅಮೆರಿಕದ ಕಾಲೇಜುಗಳ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ತಂಡಗಳನ್ನು ನಾಲ್ಕು ಗುಂಪು ಮಾಡಿ, ಒಂದೊಂದು ಗುಂಪಿನಲ್ಲೂ ಬಲಿಷ್ಠ ತಂಡದಿಂದ ಶುರುಮಾಡಿ ಒಂದರಿಂದ ಹದಿನಾರರವರೆಗೆ ಶ್ರೇಯಾಂಕ ಕೊಡುತ್ತಾರೆ. ಪುರುಷರ ವಿಭಾಗದಲ್ಲಿ ಒಂದನೆಯ ಶ್ರೇಯಾಂಕದ ತಂಡ ಹದಿನಾರನೆಯ ಶ್ರೇಯಾಂಕದ ತಂಡಕ್ಕೆ ಸೋತದ್ದೇ ಇರಲಿಲ್ಲ, 135 ಪಂದ್ಯಗಳಲ್ಲಿ ಒಮ್ಮೆಯೂ. 2018ರಲ್ಲಿ ವರ್ಜೀನಿಯ ಸೋತಿತು, 74–54 ಅಂತರದಲ್ಲಿ. ಅದರ ಆಗಿನ ಕೋಚ್ ಟೋನಿ ಬೆನೆಟ್ ತಮ್ಮ ಕ್ರೈಸ್ತ ನಂಬಿಕೆಯನ್ನು ಬಹಿರಂಗವಾಗಿ ಹೇಳಿಕೊಳ್ಳುವವರು. ತಂಡಕ್ಕೆ ಅವರು ಹಾಕಿಕೊಟ್ಟ ಐದು ಆಧಾರಗಳಲ್ಲಿ ಮೊದಲನೆಯದು ದೀನತೆ, ಕೊನೆಯದು ಕೃತಜ್ಞತೆ. ಮರುವರ್ಷ ಅದೇ ತಂಡ ಸೆಮಿಫೈನಲ್‌ನಲ್ಲಿ ಎರಡು ಅಂಕ ಹಿಂದೆ ಇತ್ತು, ಗಡಿಯಾರದಲ್ಲಿ ಉಳಿದದ್ದು 0.6 ಸೆಕೆಂಡ್. ಕೈಲ್ ಗೈ ಎಂಬ ಹುಡುಗನಿಗೆ ಮೂರು ಫ್ರೀ ಥ್ರೋ ಸಿಕ್ಕಿತು. ಮೂರನ್ನೂ ಹಾಕಿದ, 63–62. ಆಮೇಲೆ ಫೈನಲನ್ನೂ ಗೆದ್ದರು.

ಈ ಕತೆಯನ್ನು ಹೇಳುವಾಗ ಒಂದು ಎಚ್ಚರ ಬೇಕು. ದೇವರು ನಂಬಿದವರನ್ನು ಗೆಲ್ಲಿಸುತ್ತಾನೆ ಎಂದು ದಯವಿಟ್ಟು ಹೇಳಬೇಡಿ. ಎದುರಿನ ತಂಡದಲ್ಲೂ ಮೊಣಕಾಲೂರಿದವರು ಇರುತ್ತಾರೆ. ಮೂರು ಫ್ರೀ ಥ್ರೋಗಳಲ್ಲಿ ಒಂದು ತಪ್ಪಿದ್ದರೂ ಆ ಕೋಚ್ ನಂಬಿದ ದೇವರು ಅದೇ ದೇವರು. ನಮ್ಮ ಸಂಘದಲ್ಲಿ ಗೆಲುವಿಗಾಗಿ ಪ್ರಾರ್ಥಿಸಲು ನಾನು ಬಿಡುವುದಿಲ್ಲ. ಆಟಕ್ಕೆ ಮುಂಚೆ ಎದುರು ತಂಡದ ಮಕ್ಕಳ ಹೆಸರು ಕೇಳಿಕೊಂಡು ಬಂದು, ಆ ಹೆಸರುಗಳನ್ನು ಹೇಳಿ, ಅವರ ಕಾಲು ಉಳುಕದಿರಲಿ ಎಂದು ಪ್ರಾರ್ಥಿಸುತ್ತೇವೆ. ಅಮ್ಮ ಗುಣವಾಗಲಿ ಎಂದು ನಾನು ಬೇಡಿದ್ದೆ. ಅಮ್ಮ ಗುಣವಾಗಲಿಲ್ಲ, 2012ರಲ್ಲಿ ತೀರಿಕೊಂಡಳು. ಗೆದ್ದವರ ದೇವರನ್ನು ಮಾತ್ರ ಮಕ್ಕಳಿಗೆ ಕೊಟ್ಟರೆ, ಅವರ ಮನೆಯಲ್ಲಿ ಇಂಥ ದಿನ ಬಂದಾಗ ಅವರ ಕೈಯಲ್ಲಿ ಏನೂ ಇರುವುದಿಲ್ಲ.

ಮಳೆಗಾಲಕ್ಕೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಊರಿನಲ್ಲಿ ಹೊರಗಿನ ಕೋರ್ಟ್ ನಂಬುವಂತಿಲ್ಲ. ಸಿಮೆಂಟಿನ ಮೇಲೆ ಪಾಚಿ ಹಿಡಿಯುತ್ತದೆ, ನೀರನ್ನು ಹಿಡಿಸೂಡಿಯಲ್ಲಿ ಗುಡಿಸಿದರೂ ಕಾಲು ಜಾರುತ್ತದೆ. ಹಾಗೆಂದು ಶನಿವಾರವನ್ನು ರದ್ದು ಮಾಡಬೇಡಿ. ನಾವು ದೇವಾಲಯದ ಪಕ್ಕದ ಸಭಾಂಗಣದ ಜಗಲಿಯಲ್ಲಿ ಸೇರುತ್ತೇವೆ, ಚೆಂಡು ಇಲ್ಲದೆ. ಮೊದಲ ದಿನ ಕಾಲುಚೀಲ ಹಾಕಿಕೊಳ್ಳುವುದನ್ನು ಕಲಿಸುತ್ತೇನೆ. ಕ್ಯಾಲಿಫೋರ್ನಿಯದ ಯು.ಸಿ.ಎಲ್.ಎ. ತಂಡಕ್ಕೆ ಹತ್ತು ಸಲ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟ ಜಾನ್ ವುಡನ್ ಪ್ರತಿ ವರ್ಷದ ಅಭ್ಯಾಸವನ್ನು ಶುರುಮಾಡುತ್ತಿದ್ದುದು ಇದರಿಂದಲೇ: ಬೆರಳ ತುದಿಯಿಂದ ಹಿಮ್ಮಡಿಯವರೆಗೆ ಕೈಯಿಂದ ಸವರಿ ಒಂದೂ ಸುಕ್ಕು ಇಲ್ಲದಂತೆ ಮಾಡಬೇಕು, ಸುಕ್ಕು ಇದ್ದರೆ ಗುಳ್ಳೆ ಏಳುತ್ತದೆ, ಗುಳ್ಳೆ ಎದ್ದವನು ಆಡಲಾರ. ನಮ್ಮ ತೇವದ ಹವೆಯಲ್ಲಿ ಇದು ಇನ್ನೂ ಹೆಚ್ಚು ನಿಜ.

ಆಮೇಲೆ ಜೋಡಿಯಾಗಿ ನಿಂತು ಡಿಫೆನ್ಸಿನ ಹೆಜ್ಜೆ. ಮೊಣಕಾಲು ಬಾಗಿಸಿ, ಕೈ ಚಾಚಿ, ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಪಕ್ಕಕ್ಕೆ ಸರಿಯುವುದು, ಸರಿಯುವಾಗ ಬಾಯಿ ಬಿಟ್ಟು ಕೂಗುವುದು. ಹಂಚಿನ ಮೇಲೆ ಮಳೆ ಹೊಡೆಯುವ ಸದ್ದಿನಲ್ಲಿ ಕೂಗು ಗಟ್ಟಿಯಾಗಿಯೇ ಇರಬೇಕು. ಕಳೆದ ಜುಲೈಯಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಅರ್ಧ ಗಂಟೆ ಹೀಗೆ ಸರಿದಾಡಿ, ಬೆವರು ಒರೆಸಿಕೊಳ್ಳುತ್ತಾ ಚೆಂಡು ಯಾವಾಗ ಕೊಡುತ್ತೀರಿ ಎಂದು ಕೇಳಿದಳು. ನಾನು ಅವಳನ್ನೂ ಉಳಿದವರನ್ನೂ ಜಗಲಿಯ ಕಟ್ಟೆಯ ಮೇಲೆ ಕೂರಿಸಿ ಒಂದು ಲೆಕ್ಕ ಕೇಳಿದೆ.